ಪಿಯುಸಿ ಆದ ಮೇಲೆ ಆಸ್ಪತ್ರೆ ಕಡೆಯ ಓದು: ಮಡಿಕೇರಿಯ ಮೇಡಂ ಹತ್ತಿರ ಮೂರು ಸಿಟ್ಟಿಂಗ್

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ 19 ವರ್ಷದಿಂದ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಬರೆಯುವುದು, ಕುಯ್ದ ಹಣ್ಣು ತೂಕ ಹಾಕಿಸುವುದು, ವಾರಕ್ಕೊಮ್ಮೆ ಸಂಬಳ ಬಟವಾಡೆ ಮಾಡುವುದು ನನ್ನ ಕೆಲಸ. ಹಾಗಾಗಿ ದುಡ್ಡು ಕೊಟ್ಟ ಕೆಲಸಕ್ಕೆ ಏನು ಬಂತು ಅಂತ ಬರೆದಿಡುವುದು ಅಭ್ಯಾಸ. ಮಗಳ ಓದಿನ ವಿಷಯದಲ್ಲೂ ಬರೆದಿಟ್ಟಿದ್ದೆ. ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಮೇಡಂ ಹೆಸರು ಹಾಕುತ್ತಿಲ್ಲ. ಅವರೇ ಬೇಡ ಅಂದರು. ಬಯಾಲಜಿ ಲೆಕ್ಚರರ್ ಆಗಿ ರಿಟೈರ್ ಆದವರು. ಮಡಿಕೇರಿ ಪೇಟೆಯಲ್ಲಿ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಕೂರುತ್ತಾರೆ. ಪಿಯುಸಿ ನಂತರ ಯಾವ ಕೋರ್ಸ್ ಅಂತ ದಾರಿ ಹೇಳುತ್ತಾರೆ. ಒಬ್ಬ ವಿದ್ಯಾರ್ಥಿಗೆ ಮೂರು ಸಿಟ್ಟಿಂಗ್, ಒಟ್ಟು 1,200 ರೂಪಾಯಿ. ಮಡಿಕೇರಿಯಲ್ಲಿ ಯಾರನ್ನಾದರೂ ಕೇಳಿದರೆ ಗೊತ್ತಾಗುತ್ತದೆ.

ಅದಕ್ಕೂ ಮೊದಲು ನಾನು ಒಮ್ಮೆ ಮೋಸ ಹೋಗಿದ್ದೆ. ಅದನ್ನೂ ಹೇಳಬೇಕು. ಹೊರಗಿನ ದೊಡ್ಡ ಊರಿನ ಒಂದು ಕನ್ಸಲ್ಟೆನ್ಸಿಯವರು ಕುಶಾಲನಗರದಲ್ಲಿ ಉಚಿತ ಶಿಬಿರ ಅಂತ ಮಾಡಿದ್ದರು. ಹೋದೆವು. ಶಿಬಿರ ಉಚಿತ, ಆದರೆ ಮಗಳ ಆಸಕ್ತಿ ಅಳೆಯುವ ಪರೀಕ್ಷೆಗೆ 4,500 ರೂಪಾಯಿ. ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂರಿಸಿದರು. ಆಮೇಲೆ 34 ಪುಟದ ಬಣ್ಣದ ರಿಪೋರ್ಟ್ ಕೊಟ್ಟರು, ಪೂರ್ತಿ ಇಂಗ್ಲಿಷಿನಲ್ಲಿ. ಮಗಳಿಗೆ ಆರೋಗ್ಯ ಕ್ಷೇತ್ರ, ಶಿಕ್ಷಣ, ಮ್ಯಾನೇಜ್‌ಮೆಂಟ್ ಮೂರೂ ಆಗುತ್ತದೆ ಅಂತ ಅದರಲ್ಲಿತ್ತು. ಅಷ್ಟು ಹೇಳಲು ಅವಳ ಅಜ್ಜಿ ಸಾಕಿತ್ತು. ಮಾರನೇ ವಾರದಿಂದ ಫೋನ್ ಶುರುವಾಯಿತು. ಬೇರೆ ರಾಜ್ಯದ ನರ್ಸಿಂಗ್ ಕಾಲೇಜು, ಈಗಲೇ ಹತ್ತನೇ ತರಗತಿಯ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಸೀಟ್ ಹಿಡಿದಿಡಿ ಅಂತ. ಮೂರು ತಿಂಗಳು ಬಿಡಲಿಲ್ಲ. ನಾನು ಕೊಡಲಿಲ್ಲ, ಪುಣ್ಯ. ಆದರೆ ನಮ್ಮ ಎಸ್ಟೇಟ್ ಕೂಲಿಯವರ ಲೈನ್ ಮನೆಯ ಒಬ್ಬರು ಕೊಟ್ಟುಬಿಟ್ಟಿದ್ದರು. ಅದನ್ನು ವಾಪಸ್ ತರಲು ಅವರು ಎರಡು ಸಲ ಅಲ್ಲಿಗೆ ರೈಲು ಹತ್ತಬೇಕಾಯಿತು. ಕೊಡಗಿಗೆ ರೈಲೇ ಇಲ್ಲ, ಮೊದಲು ಮೈಸೂರಿಗೆ ಹೋಗಬೇಕು. ಅವರ ಎಷ್ಟು ದಿನದ ಕೂಲಿ ಹೋಯಿತು ಅಂತ ನನ್ನ ಚೆಕ್‌ರೋಲಿನಲ್ಲೇ ಇದೆ.

ಆ ಬೇಜಾರಿನಲ್ಲೇ ಇದ್ದಾಗ ಒಬ್ಬ ಟೀಚರ್ ಈ ಮೇಡಂ ಬಗ್ಗೆ ಹೇಳಿದರು. ಹುತ್ತರಿ ಹಬ್ಬ ಕಳೆದ ವಾರ ಹೋದೆವು. ಅರೇಬಿಕಾ ಕುಯ್ಲು ಜೋರಾಗಿರುವ ಕಾಲ, ನನಗೆ ಶನಿವಾರ ಬಿಡುವು ಸಿಗುವುದಿಲ್ಲ. ಹೇಳಿದ ತಕ್ಷಣ ಮೇಡಂ ಭಾನುವಾರ ಕೊಟ್ಟರು.

ಒಳಗೆ ಹೋಗಿ ಕೂತ ಕೂಡಲೇ ನಾನೇ ಶುರು ಮಾಡಿದೆ, ಮಗಳನ್ನು ಡಾಕ್ಟರ್ ಮಾಡಬೇಕು ಅಂತ. ಮೇಡಂ ನಗುತ್ತಾ, "ಸಾರ್, ನೀವು ಆಮೇಲೆ ಹೇಳಿ. ಅವಳು ಮೊದಲು ಹೇಳಲಿ" ಅಂದರು. ಮಗಳೂ "ಡಾಕ್ಟರ್" ಅಂದಳು. "ಯಾಕಮ್ಮ?" ಅಂತ ಕೇಳಿದರು. ಅವಳು ಸುಮ್ನೆ ಕೂತಳು. ನಾನೂ ಸುಮ್ನೆ ಕೂತೆ. ಎರಡು ವರ್ಷ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಓದಿಸಿದ್ದೆವು, ಆ ಪ್ರಶ್ನೆಯನ್ನು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಆಮೇಲೆ ಅವರು ಒಂದು ದೊಡ್ಡ ಹಾಳೆ ತೆಗೆದು ಗೆರೆ ಹಾಕಿದರು. ಕೋರ್ಸಿನ ಹೆಸರು, ಅದಕ್ಕೆ ಯಾವ ಪರೀಕ್ಷೆ, ಎಷ್ಟು ವರ್ಷ, ಮುಗಿದ ಮೇಲೆ ಯಾವ ಬಾಗಿಲು ತೆರೆಯುತ್ತದೆ. ಕೊನೆಯ ಕಾಲಂ ಎಲ್ಲಕ್ಕಿಂತ ಅಗಲ ಇತ್ತು. ಕೈಯಲ್ಲೇ ಬರೆದರು, ಕನ್ನಡದಲ್ಲಿ. ಆ ಹಾಳೆ ಈಗಲೂ ನಮ್ಮ ಮನೆಯ ಗೋಡೆಯಲ್ಲಿದೆ.

ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್ ವಿಷಯವನ್ನು ಅವರು ಬಿಡಿಸಿ ಹೇಳಿದ ಹಾಗೆ ಯಾರೂ ಹೇಳಿರಲಿಲ್ಲ. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ ಬಯಾಲಜಿ. ಫಿಸಿಕ್ಸ್ 45, ಕೆಮಿಸ್ಟ್ರಿ 45. ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ ಓದು, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಹಲ್ಲಿನ ಡಾಕ್ಟರ್ ಓದಿಗೂ ನೀಟ್ ಬೇಕು, ಆಯುರ್ವೇದ, ಹೋಮಿಯೋಪತಿಗೂ ಬೇಕು. ಆಯುರ್ವೇದಕ್ಕೆ ನೀಟ್ ಬೇಡ ಅಂತ ನಮ್ಮ ಕಡೆ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು.

ಇನ್ನೊಂದು ಕಡೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಔಷಧದ ಓದು ಬಿ.ಫಾರ್ಮ್‌ಗೆ ಅದೇ ದಾರಿ. ಸರ್ಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟುಗಳನ್ನೂ 2023ರಿಂದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೆಸಿಇಟಿ ಮೂಲಕವೇ ಕೊಡುತ್ತಿದೆ. ಇದು ನನಗೆ ಗೊತ್ತೇ ಇರಲಿಲ್ಲ. ಕಾಲೇಜಿಗೆ ಹೋಗಿ ದುಡ್ಡು ಕಟ್ಟಿ ಸೇರುವುದು ಅಷ್ಟೇ ಅಂದುಕೊಂಡಿದ್ದೆ. ಉಳಿದ ಕೋರ್ಸುಗಳ ನಿಯಮ ವರ್ಷ ವರ್ಷ ಬದಲಾಗುತ್ತಿದೆ, ಆಯಾ ವರ್ಷದ ಕೆಇಎ ಪ್ರಕಟಣೆ ನೋಡದೆ ಯಾರ ಮಾತನ್ನೂ ನಂಬಬೇಡಿ, ನನ್ನ ಮಾತನ್ನೂ ನಂಬಬೇಡಿ ಅಂದರು. ಹೀಗೆ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಗಳ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಇತ್ತು, ಎರಡನೇ ಸಿಟ್ಟಿಂಗಿನಲ್ಲಿ ಹೊರಗೆ ಬಂತು. ನಮ್ಮ ಎಸ್ಟೇಟ್ ಮಾಲೀಕರ ಮೊಮ್ಮಗಳು ಅಮೆರಿಕದಲ್ಲಿ ಓದುತ್ತಾಳೆ. ಡಿಸೆಂಬರ್ ರಜೆಗೆ ಬಂದಿದ್ದಾಗ ಮಗಳ ಹತ್ತಿರ ತುಂಬಾ ಹೊತ್ತು ಮಾತಾಡಿದ್ದಳು. ಅಲ್ಲಿ ಮೊದಲು 4 ವರ್ಷದ ಡಿಗ್ರಿ ಮಾಡಬೇಕು. ಮುಖ್ಯ ವಿಷಯ ಯಾವುದಾದರೂ ಆಗಬಹುದು, ಇತಿಹಾಸ ಓದಿದವರೂ ಡಾಕ್ಟರ್ ಆಗುತ್ತಾರೆ. ಆದರೆ ಜೊತೆಗೆ ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಸಮೇತ ಮಾಡಿರಬೇಕು. ಬಯೋಕೆಮಿಸ್ಟ್ರಿಯನ್ನೂ ಎಷ್ಟೋ ಕಾಲೇಜು ಕೇಳುತ್ತವೆ. ಆಮೇಲೆ ಎಂಕ್ಯಾಟ್ ಅಂತ ಪರೀಕ್ಷೆ, ಅದರಲ್ಲಿ ಜಾಸ್ತಿ ಅಂದರೆ 528 ಅಂಕ. 2015ರಿಂದ ಅದರಲ್ಲಿ ಸೈಕಾಲಜಿ, ಸಮಾಜಶಾಸ್ತ್ರದ ಪ್ರಶ್ನೆಯೂ ಇದೆ. ಇದೆಲ್ಲ ಆದ ಮೇಲೆ 4 ವರ್ಷ ಮೆಡಿಕಲ್ ಕಾಲೇಜು. ಇದನ್ನು ಕೇಳಿ ಮಗಳು, ನಾನೂ ಇಲ್ಲಿ ನಿಧಾನಕ್ಕೆ ಬಿಎಸ್ಸಿ ಮಾಡಿ ಆಮೇಲೆ ಮೆಡಿಕಲ್‌ಗೆ ಹೋಗುತ್ತೇನೆ ಅಂತ ಲೆಕ್ಕ ಹಾಕಿದ್ದಳು.

ಮೇಡಂ ಅವಳನ್ನು ಬೈಯಲಿಲ್ಲ. ಪೆನ್ನಿನಲ್ಲಿ ಎರಡು ಏಣಿ ಬರೆದು ತೋರಿಸಿದರು. ಅಲ್ಲಿ ಡಿಗ್ರಿ ಒಂದು ಮೆಟ್ಟಿಲು. ಇಲ್ಲಿ ಮೆಡಿಕಲ್ ಏಣಿ ಪಿಯುಸಿಯಿಂದಲೇ ಶುರು. ಬಿಎಸ್ಸಿ ಮುಗಿಸಿಯೂ ನೀಟ್ ಬರೆಯಬಹುದು, ಹೆಚ್ಚಿನ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಆದರೆ ಬಿಎಸ್ಸಿಯಲ್ಲಿ ಎಷ್ಟು ಅಂಕ ತೆಗೆದರೂ ಅದು ನೀಟ್ ರ‍್ಯಾಂಕಿಗೆ ಸೇರುವುದಿಲ್ಲ. ಮತ್ತೆ ಅದೇ ಪಿಯುಸಿ ಪುಸ್ತಕ ತೆಗೆದು ಕೂರಬೇಕು. "3 ವರ್ಷ ಆದ ಮೇಲೆ ಈ ಪುಸ್ತಕ ಇನ್ನೂ ತಲೆಯಲ್ಲಿರುತ್ತಾ ಮಗಳೇ?" ಅಂತ ಕೇಳಿದರು.

ಇಲ್ಲೇ ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿಗೆ ತಾಗಿತು. ಬಿಎಸ್ಸಿ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಓದು ಇವೆ. ಒಂದು ಡಿಗ್ರಿ ಕಾಲೇಜಿನ ಬಿಎಸ್ಸಿ, ಬಾಟನಿ, ಝೂವಾಲಜಿ, ಕೆಮಿಸ್ಟ್ರಿ ಅಂತ. 2024ರಿಂದ ನಮ್ಮ ರಾಜ್ಯದಲ್ಲಿ ಅದು ಮತ್ತೆ 3 ವರ್ಷ ಆಗಿದೆ. ಇನ್ನೊಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವ ಬಿಎಸ್ಸಿ, ಅಂದರೆ ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಕಣ್ಣಿನ ಪರೀಕ್ಷೆ ಇತ್ಯಾದಿ. ಮೊದಲನೆಯದನ್ನು ಮುಗಿಸಿದವರು ನೇರವಾಗಿ ಆಸ್ಪತ್ರೆ ಲ್ಯಾಬಿಗೆ ಹೋಗಲು ಆಗುವುದಿಲ್ಲ. ನನ್ನ ತಮ್ಮನ ಮಗನಿಗೆ ಹೀಗೇ ಆಯಿತು. ಬಿಎಸ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದ. ಕೆಲಸ ಕೇಳಲು ಹೋದಾಗ ಡಿಎಂಎಲ್‌ಟಿ ಇದೆಯಾ ಅಂದರು. ಮತ್ತೆ ಹೋಗಿ ಆ ಲ್ಯಾಬ್ ಡಿಪ್ಲೊಮಾ ಓದಿದ. ಆ ಹುಡುಗನಿಗೆ ಪಿಯುಸಿ ಮುಗಿದ ದಿನ ಒಬ್ಬರಾದರೂ ಇದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಅವತ್ತು ಹೇಳುವವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಹಾಗಂತ ಡಿಗ್ರಿ ಬಿಎಸ್ಸಿ ಬೇಡ ಅಂತ ಅವರು ಹೇಳಲಿಲ್ಲ. ಸಾರ್ವಜನಿಕ ಆರೋಗ್ಯದ ಎಂಪಿಎಚ್ ಮಾಡಬೇಕೆಂದಿದ್ದರೆ, ಮೈಕ್ರೋಬಯಾಲಜಿ, ಜೆನೆಟಿಕ್ಸ್ ಕಡೆ ಹೋಗಬೇಕೆಂದಿದ್ದರೆ ಅದು ಒಳ್ಳೆಯ ದಾರಿಯೇ. ಆಗ ವಿಷಯ ಆರಿಸುವಾಗ ಎಚ್ಚರ ಬೇಕು. ಕೆಮಿಸ್ಟ್ರಿ ಬಿಟ್ಟರೆ ಮುಂದೆ ಬಯೋಕೆಮಿಸ್ಟ್ರಿ ಎಂಎಸ್ಸಿ ಬಹುತೇಕ ಕಡೆ ಸಿಗುವುದಿಲ್ಲ. ಮನಸ್ಸಿನ ಕಾಯಿಲೆಯವರ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಡಿಗ್ರಿಯಲ್ಲೇ ಸೈಕಾಲಜಿ ತೆಗೆದುಕೊಳ್ಳಬೇಕು. ಗೆಳತಿ ತೆಗೆದುಕೊಂಡಳು, ಬಸ್ ಸಿಗುತ್ತದೆ ಅಂತ ವಿಷಯ ಆರಿಸಬಾರದು ಅಂದರು. ನಮ್ಮ ಕಡೆ ಮಕ್ಕಳು ಬಸ್ ನೋಡಿಯೇ ಕಾಲೇಜು ಆರಿಸುವುದು, ಅದು ಅವರ ತಪ್ಪಲ್ಲ. ಸಂಜೆ ಐದೂವರೆ ಬಸ್ ತಪ್ಪಿದರೆ ಆನೆ ಓಡಾಡುವ ದಾರಿಯಲ್ಲಿ ನಡೆಯಬೇಕು. ಇದನ್ನು ಹೇಳಿದಾಗ ಮೇಡಂ ಒಪ್ಪಿಕೊಂಡರು, ಹಾಸ್ಟೆಲ್ ಬಗ್ಗೆಯೂ ಯೋಚನೆ ಮಾಡಿ ಅಂದರು.

ಎರಡನೇ ಸಿಟ್ಟಿಂಗ್ ಮುಗಿಯುವಾಗ ಮಗಳಿಗೆ ಒಂದು ಹೋಂವರ್ಕ್ ಕೊಟ್ಟರು. ಒಂದು ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಡಾಕ್ಟರ್ ಬಿಟ್ಟು ಅಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತಾರೆ ಅಂತ ಬರೆದುಕೊಂಡು ಬರಬೇಕು. ಯಾರಿಗೂ ಅಡ್ಡ ಆಗಬಾರದು, ರೋಗಿಗಳ ಹೆಸರು ಬರೆಯಬಾರದು, ಫೋಟೋ ತೆಗೆಯಬಾರದು. ನಮ್ಮ ಅತ್ತೆಯವರ ಮಂಡಿ ನೋವಿಗೆ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೋಗುವುದಿತ್ತು, ಮಗಳೂ ಜೊತೆಗೆ ಹೋದಳು. 2016ರಲ್ಲಿ ಮಡಿಕೇರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದ ಮೇಲೆ ಅದು ಕಲಿಸುವ ಆಸ್ಪತ್ರೆಯೂ ಹೌದು. ವರ್ಷಕ್ಕೆ 150 ಎಂಬಿಬಿಎಸ್ ಸೀಟು. ಬಿಳಿ ಕೋಟು ಹಾಕಿದ ಮಕ್ಕಳು ಗುಂಪು ಗುಂಪಾಗಿ ಓಡಾಡುತ್ತಿರುತ್ತಾರೆ.

ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಕೂತು ಅವಳು 14 ಬಗೆಯ ಕೆಲಸ ಬರೆದಿದ್ದಳು. ರಕ್ತ ತೆಗೆಯುವವರು ನೇರಳೆ ಮುಚ್ಚಳದ ಕೊಳವೆ, ಬೂದು ಮುಚ್ಚಳದ ಕೊಳವೆ ಬೇರೆ ಬೇರೆ ಇಟ್ಟಿದ್ದರಂತೆ. ಯಾಕೆ ಅಂತ ಮನೆಗೆ ಬಂದು ಹುಡುಕಿದಳು. ನೇರಳೆ ರಕ್ತಕಣ ಎಣಿಸಲು, ಬೂದು ಸಕ್ಕರೆ ನೋಡಲು. ಫಿಸಿಯೋಥೆರಪಿ ಮಾಡುವವರು ಅವಳ ಅಜ್ಜಿಗೆ ಕುರ್ಚಿಯಲ್ಲಿ ಕೂತೇ ಮಾಡುವ ಮೂರು ವ್ಯಾಯಾಮ ಕಲಿಸಿದ್ದರು. ಅಜ್ಜಿ ಈಗಲೂ ಮಾಡುತ್ತಾರೆ.

ಆದರೆ ಅವಳು ಎರಡು ಪುಟ ಬರೆದದ್ದು ಒಬ್ಬ ಸಿಸ್ಟರ್ ಬಗ್ಗೆ. ಒಬ್ಬ ವಯಸ್ಸಾದ ಅಮ್ಮನಿಗೆ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅಂತ ತಿಳಿಯಲಿಲ್ಲ. ಸಿಸ್ಟರ್ ಕನ್ನಡದಲ್ಲಿ ಹೇಳಿದರು, ಆಮೇಲೆ ಕೊಡವರ ಭಾಷೆ ಕೊಡವ ತಕ್ಕಿನಲ್ಲಿ ಹೇಳಿದರು. ಪಕ್ಕದವರಿಗೆ ಮಲಯಾಳದಲ್ಲಿ ಹೇಳಿದರು. ಕೊನೆಗೆ ಮಾತ್ರೆ ಪಟ್ಟಿಯ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರು. ಮಗಳು ಆ ಸೂರ್ಯ ಚಂದ್ರನನ್ನು ತನ್ನ ನೋಟ್ ಬುಕ್ಕಿನಲ್ಲಿ ಹಾಗೇ ಬರೆದಿದ್ದಳು. ನಮ್ಮ ಮನೆಯಲ್ಲಿ ಅರೆಭಾಷೆ ಮಾತಾಡುತ್ತೇವೆ. ಲೈನಿನಲ್ಲಿ ತಮಿಳು, ಮಲಯಾಳ ಕೇಳಿ ಬೆಳೆದವಳು ಅವಳು, ಕೊಡವ ತಕ್ಕೂ ಬರುತ್ತದೆ. ಅದು ಒಂದು ವಿದ್ಯೆ ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ಅಪ್ಪ, ನನಗೆ ಈ ಕೆಲಸ ಆಗುತ್ತೆ" ಅಂದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನರ್ಸಿಂಗ್ ಅಂದರೆ ಕಡಿಮೆ ಅಂತ ನನ್ನ ಮನಸ್ಸಿನಲ್ಲಿತ್ತು. ಅದನ್ನು ಮೂರನೇ ಸಿಟ್ಟಿಂಗಿನಲ್ಲಿ ಮೇಡಂ ಮುಂದೆ ಹೇಳಿಯೇಬಿಟ್ಟೆ. ಅವರು ಉಪದೇಶ ಮಾಡಲಿಲ್ಲ, ಹಾಳೆಯ ಕೊನೆಯ ಕಾಲಂ ತೋರಿಸಿದರು. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಒಂದು ವರ್ಷ ಉಳಿಯುತ್ತದೆ ಅಂತ ಜಿಎನ್‌ಎಂಗೆ ಹೋಗುವವರು ಇದ್ದಾರೆ. ಆದರೆ ಬಿಎಸ್ಸಿ ಮಾಡಿದರೆ ಎಂಎಸ್ಸಿಗೆ ಹೋಗಬಹುದು, ಮುಂದೆ ಕಲಿಸುವ ಕೆಲಸಕ್ಕೂ ಹೋಗಬಹುದು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಅಂತ ಪರೀಕ್ಷೆ ಇದೆ. ಅದನ್ನು ಬಿಎಸ್ಸಿಯವರು ಓದು ಮುಗಿದ ಕೂಡಲೇ ಬರೆಯಬಹುದು, ಜಿಎನ್‌ಎಂನವರಿಗೆ 2 ವರ್ಷದ ಅನುಭವ ಬೇಕು. ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಕೂರುತ್ತಾರಲ್ಲ, ಆ ಕೆಲಸಕ್ಕೂ ಬಿಎಸ್ಸಿ ನರ್ಸಿಂಗ್ ದಾರಿ ಇದೆ. ನಾನು ಕೇಳುತ್ತಾ ಹೋದೆ. ಆ ಮಧ್ಯಾಹ್ನ ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳಿಗೆ "ಸರಿ" ಅಂದೆ. ಅವಳು ಕಿಟಕಿ ಕಡೆ ತಿರುಗಿ ಕೂತಳು, ಅಳುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ಕಾಲೇಜು ಆರಿಸಲು ಮೇಡಂ ಹೇಳಿಕೊಟ್ಟ ಕ್ರಮ ಹೀಗಿತ್ತು. ರಾಜೀವ್ ಗಾಂಧಿ ವಿವಿಯ ಪಟ್ಟಿಯಲ್ಲಿ ಹೆಸರು ಇದೆಯಾ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಮೊದಲು ನೋಡಿ. ಆಮೇಲೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಹಾಸಿಗೆ ಇದೆ, ಮಕ್ಕಳನ್ನು ಡ್ಯೂಟಿಗೆ ಎಲ್ಲಿಗೆ ಕಳಿಸುತ್ತಾರೆ ಕೇಳಿ. ಕಟ್ಟಡ ನೋಡಬೇಡಿ, ಎರಡನೇ ವರ್ಷದ ಇಬ್ಬರು ಹುಡುಗಿಯರನ್ನು ಮಾತಾಡಿಸಿ. ಸೀಟು ಖಚಿತ ಆಗದೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ಕೆಇಎಯಲ್ಲಿ ಕಾಲೇಜು ಬರೆಯುವಾಗ ಸಿಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕದೆ, ನಿಮಗೆ ಬೇಕಾದ ಕ್ರಮದಲ್ಲಿ ಬರೆಯಿರಿ. ಈ ಕೊನೆಯದು ತುಂಬಾ ಜನ ತಪ್ಪು ಮಾಡುವ ಜಾಗ.

ನಾವು 32 ಕಾಲೇಜಿನ ಪಟ್ಟಿಯನ್ನು ಮೊದಲೇ ಕಾಗದದಲ್ಲಿ ಕ್ರಮವಾಗಿ ಬರೆದಿಟ್ಟುಕೊಂಡಿದ್ದೆವು. ಅದೇ ನಮ್ಮನ್ನು ಉಳಿಸಿತು. ಕೆಇಎಯಲ್ಲಿ ಕಾಲೇಜು ಬರೆಯುವ ಆಪ್ಷನ್ ಎಂಟ್ರಿ ಬಂದದ್ದು ಜುಲೈ ಮಳೆಯಲ್ಲಿ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಟವರ್ ಇಲ್ಲ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಶಾಲನಗರಕ್ಕೆ ಹೋಗಿ ಸೈಬರ್ ಅಂಗಡಿಯಲ್ಲಿ ಕೂತು, ಪಟ್ಟಿ ನೋಡಿಕೊಂಡು ಮಗಳೇ ಟೈಪ್ ಮಾಡಿದಳು. ಅರ್ಧ ಗಂಟೆ ಸಾಕಾಯಿತು. ಪಕ್ಕದಲ್ಲಿ ಒಂದು ಹುಡುಗ ಪಾಸ್‌ವರ್ಡನ್ನೂ ಅಂಗಡಿಯವರಿಗೇ ಕೊಟ್ಟು, ನೀವೇ ಏನಾದರೂ ಹಾಕಿ ಅನ್ನುತ್ತಿದ್ದ. ಅವನನ್ನು ಕೂರಿಸಿಕೊಂಡು ನಮ್ಮ ಪಟ್ಟಿ ತೋರಿಸಿದೆ.

ಈಗ ಮೇಡಂ ಕಡೆಯ ಕೊರತೆ. ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಮೂರು ದಿನ ಬಿಟ್ಟು ಬರುತ್ತದೆ. ಮೆಟ್ಟಿಲು ಕಡಿದು, ಮಂಡಿ ನೋವಿದ್ದವರಿಗೆ ಹತ್ತಲು ಆಗುವುದಿಲ್ಲ. ದುಡ್ಡಿನ ವಿಷಯ ಅವರು ಅಷ್ಟಾಗಿ ಹೇಳಲಿಲ್ಲ. ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ ಸೇರಿ ಎಷ್ಟಾಗುತ್ತದೆ, ಎಸ್‌ಎಸ್‌ಪಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಸ್ಕಾಲರ್‌ಶಿಪ್‌ಗೆ ಯಾವಾಗ ಹಾಕಬೇಕು ಅನ್ನುವುದನ್ನು ನಾವು ಬೇರೆ ಕಡೆ ಕೇಳಿ ತಿಳಿದುಕೊಂಡೆವು. ನಮ್ಮಂಥವರಿಗೆ ಅದು ಕೋರ್ಸಿನಷ್ಟೇ ದೊಡ್ಡ ಪ್ರಶ್ನೆ.

ಗ್ರಾಮೀಣ ಕೋಟಾ ಬಗ್ಗೆ ಹೇಳಿದರು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ 15% ಮೀಸಲು ಇದೆ. ಆದರೆ ಆ ಸರ್ಟಿಫಿಕೇಟಿಗೆ ಹೆಡ್ ಮಾಸ್ಟರ್ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು ಅಂತ ಹೇಳಲಿಲ್ಲ. ಮಗಳು ನಾಲ್ಕನೇ ತರಗತಿಯವರೆಗೆ ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿತ್ತು, ದಾಖಲೆ ಪಕ್ಕದ ಶಾಲೆಗೆ ಹೋಗಿತ್ತು. ಅದನ್ನು ಹುಡುಕಿ ಸಹಿ ಹಾಕಿಸಲು ನನಗೆ ಮೂರು ದಿನ ಹಿಡಿಯಿತು. ನೀವು ಪಿಯುಸಿ ಪರೀಕ್ಷೆಗೂ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ನನಗೆ ನಿಜವಾಗಿ ಬೇಜಾರಾದ ವಿಷಯ. ನಮ್ಮ ತಂದೆಯವರ ಕಿವಿ ತೋರಿಸಲು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹಲವು ಸಲ ಹೋಗಿದ್ದೇವೆ. ಮಾತು ಬಾರದ ಪುಟ್ಟ ಮಕ್ಕಳಿಗೆ ಅಲ್ಲಿ ಕಲಿಸುವುದನ್ನು ಮಗಳು ನೋಡಿದ್ದಳು. ಅಲ್ಲಿ ಡಿಗ್ರಿ ಕೋರ್ಸ್ ಇದೆ, ಅದಕ್ಕೆ ಪ್ರವೇಶ ಪರೀಕ್ಷೆಯೂ ಬೇರೆ ಅಂತ ಮೇಡಂ ಹೇಳಿದ್ದು ಮೂರನೇ ಸಿಟ್ಟಿಂಗಿನಲ್ಲಿ, ಅದೂ ನಾವು ಕೇಳಿದ ಮೇಲೆ. ಅಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ಮೊದಲ ದಿನದ ಹಾಳೆಯಲ್ಲೇ ಅದು ಇರಬೇಕಿತ್ತು. ಹೋಗಿ ಹೇಳಿದೆ. ಮೇಡಂ ತಪ್ಪು ಒಪ್ಪಿಕೊಂಡು, ನನ್ನೆದುರೇ ತಮ್ಮ ಹಾಳೆಯಲ್ಲಿ ಸೇರಿಸಿಕೊಂಡರು. ಇದೆಲ್ಲ ಹಿಡಿದು ಐದಕ್ಕೆ ನಾಲ್ಕು ಕೊಡುತ್ತೇನೆ.

ಮಗಳು ಈಗ ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ. ಸರ್ಕಾರಿ ಕೋಟಾ, ಪಟ್ಟಿಯಲ್ಲಿ ಏಳನೇ ಕಾಲೇಜು. ಅನಾಟಮಿ ಕಷ್ಟ ಅನ್ನುತ್ತಾಳೆ. ವಾರಕ್ಕೊಮ್ಮೆ ಫೋನ್ ಮಾಡಿ ತಾತನಿಗೆ ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಾ ಅಂತ ನನ್ನನ್ನೇ ಕೇಳುತ್ತಾಳೆ.

ಚಿಕ್ಕವನು ಈಗ ಹತ್ತನೇ ತರಗತಿ. ಮೊದಲ ದಿನವೇ ಮೇಡಂ, ನೀವು ಎರಡು ವರ್ಷ ತಡವಾಗಿ ಬಂದಿದ್ದೀರಿ, ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಅಂತ ಆರಿಸುವ ಮೊದಲು ಬರಬೇಕಿತ್ತು ಅಂದಿದ್ದರು. ಅವನ ಪರೀಕ್ಷೆ ಮುಗಿದ ಮರು ಭಾನುವಾರಕ್ಕೆ ಹೇಳಿಟ್ಟು ಬಂದಿದ್ದೇನೆ. ಈ ಸಲ ನಾನು ಹೊರಗಿನ ಬೆಂಚಿನಲ್ಲೇ ಕೂರುತ್ತೇನೆ, ಅವನೇ ಒಳಗೆ ಹೋಗಿ ಮಾತಾಡಲಿ.